ಹೊಸ ಗಾಲ್ಫ್ ಐರನ್ ಸೆಟ್ ತಗೋಬೇಕು: ಹ್ಯಾಂಡಿಕ್ಯಾಪ್ 22, ಊರು ದಾವಣಗೆರೆ

ಹದಡಿ ರೋಡ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಈ ಗಾಲ್ಫ್ ಫೋರಂ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನಗೆ 44 ವರ್ಷ. ಅಕ್ಕಿ ಮಿಲ್ ಇದೆ. 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೇ ಸುತ್ತು ಆಡುತ್ತಿದ್ದಾಗ ಟಿವಿ ಮುಂದೆ ಕೂತವನು ಏಳಲೇ ಇಲ್ಲ. ಒಂದೇ ಒಂದು ಹೊಡೆತದಲ್ಲಿ ಪದಕ ಕೈತಪ್ಪಿ ನಾಲ್ಕನೇ ಸ್ಥಾನ ಬಂತು. ಅವತ್ತು ಈ ಆಟದ ಹುಚ್ಚು ಹಿಡಿಯಿತು, ಮುಂದಿನ ವರ್ಷ ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿದೆ.

ಮಿಲ್ ಹಿಂದೆ ಭತ್ತ ಒಣಗಿಸುವ ಕಣದ ಪಕ್ಕ ಒಂದು ನೆಟ್ ಕಟ್ಟಿಕೊಂಡಿದ್ದೇನೆ. ದಿನಾ ಬೆಳಗ್ಗೆ ಲಾರಿ ಬರುವ ಮುಂಚೆ 60, 70 ಚೆಂಡು ಹೊಡೆಯುತ್ತೇನೆ. ತಿಂಗಳಿಗೆ ಒಮ್ಮೆ ಬೆಂಗಳೂರಿಗೋ ಚಿಕ್ಕಮಗಳೂರಿಗೋ ಹೋಗಿ 18 ಹೋಲ್ ಆಡುತ್ತೇನೆ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ, ಕಡಿಮೆ ಆದಷ್ಟೂ ಒಳ್ಳೆಯದು) 31 ಇದ್ದದ್ದು ಈಗ 22ಕ್ಕೆ ಬಂದಿದೆ.

ಈಗಿರುವ ಐರನ್‌ಗಳು (ಲೋಹದ ತಲೆಯ ಕ್ಲಬ್‌ಗಳು) ಪರಿಚಯದವರೊಬ್ಬರು ಕೊಟ್ಟ ಹಳೇ ಸೆಟ್. ಅಡಿ (ನೆಲ ತಾಗುವ ಭಾಗ) ತೆಳು, ತಲೆ ಚಿಕ್ಕದು, ಸ್ಟೀಲ್ ಶಾಫ್ಟ್ (ಕ್ಲಬ್‌ನ ಕೋಲು), ಮೇಲೆ ಸ್ಟಿಫ್ (ಕಡಿಮೆ ಬಾಗುವ) ಅಂತ ಬರೆದಿದೆ. 7 ಐರನ್‌ನ ಮುಖದ ಗ್ರೂವ್ (ಅಡ್ಡ ಗೀರು) ಎಷ್ಟು ಸವೆದಿದೆ ಅಂದರೆ ಉಗುರಿನಲ್ಲಿ ಗೀರಿದರೂ ಸಿಕ್ಕಿಕೊಳ್ಳಲ್ಲ. ಹೊಸದು ತಗೊಳ್ಳೋಣ ಅಂತ 80 ಸಾವಿರ ತೆಗೆದಿಟ್ಟಿದ್ದೇನೆ.

ಹೋದ ವಾರ ಒಂದು ಅಂಗಡಿಯಲ್ಲಿ ಹೊಡೆದು ನೋಡಿದೆ. ದಪ್ಪ ತಲೆಯ ಒಂದು ಹೊಸ ಸೆಟ್‌ನ 7 ಐರನ್‌ನಲ್ಲಿ ಚೆಂಡು ನನ್ನ ಹಳೇ 7ಕ್ಕಿಂತ 20 ಗಜ ಜಾಸ್ತಿ ಹೋಯಿತು. ಅಂಗಡಿಯವರು "ಇನ್ನೇನು ನೋಡ್ತೀರಿ ಸರ್, ಇದೇ ನಿಮ್ಮದು" ಅಂದರು. ದುಡ್ಡು ಕೊಡಲು ಕೈ ಜೇಬಿಗೆ ಹೋಗಿತ್ತು. ಯಾಕೋ ಒಂದು ವಾರ ತಡೆಯೋಣ ಅನ್ನಿಸಿತು.

ನನ್ನ ಪ್ರಶ್ನೆಗಳು ಇಷ್ಟೇ. ಆ 20 ಗಜ ನಿಜವಾ? ಸ್ಟಿಫ್ ಬೇಕಾ, ರೆಗ್ಯುಲರ್ ಸಾಕಾ? ಇನ್ನೂ ಸುಧಾರಿಸುತ್ತಿರುವವನು ಸುಲಭದ ಕ್ಲಬ್ ತಗೊಂಡರೆ ಎರಡು ವರ್ಷಕ್ಕೆ ಮತ್ತೆ ಬದಲಿಸಬೇಕಾಗುತ್ತಾ?

---

ಜೋಗಿಮಟ್ಟಿ (ಚಿತ್ರದುರ್ಗ)

ಸ್ವಾಗತ ಸರ್. ಬಹುಪಾಲು ನೆಟ್‌ನಲ್ಲೇ ಹೊಡೆದು 31ರಿಂದ 22ಕ್ಕೆ ಇಳಿಸಿದ್ದೀರಿ ಅಂದರೆ ಸಣ್ಣ ಮಾತಲ್ಲ. ದುಡ್ಡು ಕೊಡದೆ ಬಂದದ್ದೂ ಒಳ್ಳೆಯದೇ ಆಯಿತು.

ಆ 20 ಗಜ ನಿಜ. ಆದರೆ ಅದು 7 ಐರನ್‌ದಾ ಅಂತ ಕೇಳಬೇಕು. ಕ್ಲಬ್ ತಳದಲ್ಲಿ ಕೊರೆದ 7 ಅನ್ನುವ ಅಂಕಿಗೆ ಯಾವ ನಿಯಮವೂ ಇಲ್ಲ. ಯಾವ ಕಂಪನಿ ಬೇಕಾದರೂ ಎಷ್ಟು ಲಾಫ್ಟ್‌ಗೆ ಬೇಕಾದರೂ 7 ಅಂತ ಕೊರೆಯಬಹುದು. ಲಾಫ್ಟ್ ಅಂದರೆ ಮುಖ ಹಿಂದಕ್ಕೆ ವಾಲಿದ ಕೋನ, ಅದು ಕಡಿಮೆಯಾದಷ್ಟೂ ಚೆಂಡು ದೂರ. ನಿಮ್ಮ ಹಳೇ ಸೆಟ್‌ನ 7ಕ್ಕೆ ಲಾಫ್ಟ್ 34, 35 ಡಿಗ್ರಿ ಇರಬಹುದು. ಈಗಿನ ದಪ್ಪ ತಲೆಯ ಸೆಟ್‌ಗಳಲ್ಲಿ 7 ಅಂದರೆ 28ರಿಂದ 30 ಡಿಗ್ರಿ. ಅಂದರೆ ನೀವು ಅಂಗಡಿಯಲ್ಲಿ ಹೊಡೆದದ್ದು ಹಳೇ ಲೆಕ್ಕದ 6, ಇಲ್ಲವೇ 5 ಐರನ್‌ಗೆ ಹತ್ತಿರದ ಕ್ಲಬ್. ಬೇರೆ ಬೇರೆ ಕಂಪನಿ ಯಾಕೆ, ಟೈಟ್ಲಿಸ್ಟ್ ಒಂದನ್ನೇ ನೋಡಿ. ಅವರ ಟಿ100ರಲ್ಲಿ 7 ಐರನ್ 34 ಡಿಗ್ರಿ, ಟಿ350ರಲ್ಲಿ 29. ಒಂದೇ ಕಂಪನಿ, ಒಂದೇ ಅಂಕಿ, 5 ಡಿಗ್ರಿ ವ್ಯತ್ಯಾಸ.

ಇದನ್ನು ಮೋಸ ಅಂತ ನಾನು ಹೇಳಲ್ಲ. ಹೊಸ ತಲೆಗಳಲ್ಲಿ ತೂಕ ಕೆಳಗೆ, ಹಿಂದಕ್ಕೆ ಹೋಗಿದೆ. ಹಾಗಾಗಿ ಚೆಂಡು ತಾನಾಗಿ ಮೇಲೇಳುತ್ತದೆ. ಲಾಫ್ಟ್ ಹಳೇದರಷ್ಟೇ ಇಟ್ಟಿದ್ದರೆ ಚೆಂಡು ಗಾಳಿಪಟದ ಹಾಗೆ ಮೇಲಕ್ಕೇ ಹೋಗುತ್ತಿತ್ತು. ಅದಕ್ಕೆ ಲಾಫ್ಟ್ ಕಡಿಮೆ ಮಾಡಿದ್ದಾರೆ. ಜೋರಾಗಿ ಬೀಸುವವರಿಗೆ ಈ ಲೆಕ್ಕ ಸರಿಹೋಗುತ್ತದೆ. ನಮ್ಮ ನಿಮ್ಮಂಥ ಮಧ್ಯಮ ವೇಗದವರಿಗೆ ಕೆಲವೊಮ್ಮೆ ಚೆಂಡು ಸಾಕಷ್ಟು ಎತ್ತರ ಹೋಗದೆ ಚಪ್ಪಟೆಯಾಗಿ ಹಾರಿ, ಗ್ರೀನ್ (ಕುಳಿ ಇರುವ ನುಣ್ಣನೆ ಹುಲ್ಲಿನ ಜಾಗ) ಮೇಲೆ ಬಿದ್ದು, ಹಿಂದಿನ ಬಂಕರ್‌ವರೆಗೆ (ಮರಳುಗುಂಡಿ) ಉರುಳುತ್ತದೆ.

ಹಾಗಾಗಿ ದೂರ ಕೇಳುವ ಮುಂಚೆ ಚೆಂಡು ಎಷ್ಟು ಕಡಿದಾಗಿ ಇಳಿಯುತ್ತೆ ಅಂತ ಕೇಳಿ. ಲಾಂಚ್ ಮಾನಿಟರ್ (ಚೆಂಡಿನ ಹಾರಾಟ ಅಳೆಯುವ ಯಂತ್ರ) ಇರುವ ಕಡೆ ಇಳಿಯುವ ಕೋನ ಅಂತ ಒಂದು ಅಂಕಿ ತೋರಿಸುತ್ತದೆ. 7 ಐರನ್‌ಗೆ ಅದು 45 ಡಿಗ್ರಿ ಆಸುಪಾಸು ಇದ್ದರೆ ಚೆಂಡು ನಿಲ್ಲುತ್ತದೆ. 40ಕ್ಕಿಂತ ಕೆಳಗೆ ಬಂದರೆ ನಿಲ್ಲಿಸುವುದು ಕಷ್ಟ. ಅಂಗಡಿಯವರು ಆ ಅಂಕಿ ಹೇಳಿದ್ದರಾ?

ಸೆಟ್‌ನ ಇನ್ನೊಂದು ತುದಿಯನ್ನೂ ನೋಡಿ. 7 ಐರನ್ 29 ಡಿಗ್ರಿ ಆದರೆ ಅದೇ ಸೆಟ್‌ನ ಪಿಚಿಂಗ್ ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್) 42, 43ಕ್ಕೆ ಬಂದು ಕೂತಿರುತ್ತದೆ. ನಿಮ್ಮ ಸ್ಯಾಂಡ್ ವೆಡ್ಜ್ (ಮರಳಿನಿಂದ ಹೊಡೆಯುವ ಕ್ಲಬ್) 56 ಆಗಿದ್ದರೆ ನಡುವೆ 13 ಡಿಗ್ರಿ ಖಾಲಿ. ಸಾಮಾನ್ಯವಾಗಿ ಒಂದು ಕ್ಲಬ್‌ಗೂ ಇನ್ನೊಂದಕ್ಕೂ 4, 5 ಡಿಗ್ರಿ ಇದ್ದರೆ ಸರಿ. ಆ ಖಾಲಿ ತುಂಬಲು ಒಂದು ಗ್ಯಾಪ್ ವೆಡ್ಜ್ ಬೇಕೇ ಬೇಕು, ಅದರ ದುಡ್ಡನ್ನೂ 80 ಸಾವಿರದೊಳಗೇ ಸೇರಿಸಿಕೊಳ್ಳಿ.

ಇನ್ನು ಸುಲಭದ ಕ್ಲಬ್ ವಿಷಯ. ನಮ್ಮಜ್ಜಿ ಕಾಲದಲ್ಲಿ ಹೆಗಲ ಮೇಲೆ ಅಡ್ಡೆ ಹೊತ್ತು ನೀರು ತರುತ್ತಿದ್ದರು. ಎರಡು ತುದಿಗೂ ತುಂಬಿದ ಕೊಡ ತೂಗಿದ್ದಾಗ ಯಾರಾದರೂ ಬಂದು ತಾಗಿದರೂ ಅಡ್ಡೆ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ಅದೇ ಎರಡೂ ಕೊಡವನ್ನು ನಡುವಿಗೆ ಸರಿಸಿದರೆ ಬೆರಳು ತಾಗಿದರೂ ತಿರುಗುತ್ತದೆ. ಕ್ಯಾವಿಟಿ ಬ್ಯಾಕ್ ಐರನ್ ಅಂದರೆ ಇಷ್ಟೇ. ಹಿಂಭಾಗದ ನಡುವಿನ ಲೋಹ ತೆಗೆದು ಅಂಚಿಗೆ ಹಾಕಿದ್ದಾರೆ. ಚೆಂಡು ಟೋ (ತಲೆಯ ಹೊರ ತುದಿ) ಕಡೆಗೋ ಹೀಲ್ (ಶಾಫ್ಟ್ ಸೇರುವ ತುದಿ) ಕಡೆಗೋ ತಾಗಿದಾಗ ತಲೆ ಕಡಿಮೆ ತಿರುಚುತ್ತದೆ. ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಮೂಲತಃ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಎಂಜಿನಿಯರ್. ಮೊದಲು ಪಟರ್‌ಗೆ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್), ಆಮೇಲೆ ಐರನ್‌ಗೆ ಈ ಲೆಕ್ಕ ತಂದರು. 1982ರಲ್ಲಿ ಬಂದ ಅವರ ಐ-2 ಐರನ್‌ಗಳನ್ನು ದೊಡ್ಡ ದೊಡ್ಡ ಆಟಗಾರರೂ ಆಡಿದರು. ಹಾಗಾಗಿ ಕ್ಯಾವಿಟಿ ಬ್ಯಾಕ್ ಅಂದರೆ ಕಲಿಯುವವರ ಕ್ಲಬ್ ಅನ್ನುವ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ.

---

ಎಂಸಿಸಿ ಬಿ ಬ್ಲಾಕ್ (ದಾವಣಗೆರೆ)

ಜೋಗಿಮಟ್ಟಿ ಸರ್ ಹೇಳಿದ ಲಾಫ್ಟ್ ಲೆಕ್ಕ ಒಪ್ಪುತ್ತೇನೆ. ಕೊನೇ ಮಾತು ಒಪ್ಪಲ್ಲ.

ನನಗೆ 25, ಹ್ಯಾಂಡಿಕ್ಯಾಪ್ 17. ನಾನು ಮೊದಲಿನಿಂದ ಫೋರ್ಜ್ಡ್ (ಬಡಿದು ಮಾಡಿದ) ಸೆಟ್, ಚಿಕ್ಕ ತಲೆ. ನಡುವಿಗೆ ತಾಗದಿದ್ದರೆ ಕೈಗೆ ಜುಂ ಅನ್ನುತ್ತೆ. ಆ ನೋವೇ ನನಗೆ ಕಲಿಸಿದ್ದು. ಕ್ರಿಕೆಟ್‌ನಲ್ಲೂ ಅಷ್ಟೇ, ಟೆನಿಸ್ ಬಾಲ್‌ನಲ್ಲಿ ಎಷ್ಟು ಆಡಿದರೂ ಲೆದರ್ ಬಾಲ್ ಹಿಡಿದ ದಿನವೇ ಬ್ಯಾಟಿಂಗ್ ಗೊತ್ತಾಗುವುದು. ದಪ್ಪ ತಲೆಯ ಕ್ಲಬ್‌ನಲ್ಲಿ ಟೋಗೆ ತಾಗಿದರೂ ಚೆಂಡು ಹೋಗಿಬಿಡುತ್ತೆ, ತಪ್ಪಾಯಿತು ಅಂತ ಗೊತ್ತೇ ಆಗಲ್ಲ. ಸುಧಾರಿಸಬೇಕು ಅನ್ನುವವರು ಒಂದು ಮೆಟ್ಟಿಲು ಮೇಲಿನ ಕ್ಲಬ್ಬೇ ತಗೋಬೇಕು ಅಂತ ನನ್ನ ಅನಿಸಿಕೆ.

---

ಕುಂದವಾಡ ಕೆರೆ (ದಾವಣಗೆರೆ)

ಬಿ ಬ್ಲಾಕ್ ತಮ್ಮಾ, ನಿನಗೆ 25. ದಿನಾ ಆಡುವ ಮೈ. ತಿಂಗಳಿಗೆ ಒಂದೇ ದಿನ ಹುಲ್ಲಿನ ಮೇಲೆ ಕಾಲಿಡುವವರಿಗೆ ಆ ಒಂದು ದಿನವೂ ಜುಂ ಅನ್ನಿಸಿಕೊಂಡು ಬಾ ಅನ್ನೋದು ಸರಿಯಲ್ಲ ಅಲ್ವಾ.

ತಪ್ಪು ಗೊತ್ತಾಗಬೇಕು ಅನ್ನುವುದು ಮಾತ್ರ ನಿಜ. ಅದಕ್ಕೆ ಕೈ ನೋಯಿಸಿಕೊಳ್ಳಬೇಕಾಗಿಲ್ಲ. ಮಕ್ಕಳ ಸೀಮೆಸುಣ್ಣ ಸಾಕು. ಸೀಮೆಸುಣ್ಣವನ್ನು ನೀರಲ್ಲಿ ಅದ್ದಿ ಐರನ್‌ನ ಮುಖಕ್ಕೆ ತೆಳುವಾಗಿ ಬಳಿಯಿರಿ. ಎರಡು ನಿಮಿಷ ಬಿಸಿಲಿಗೆ ಇಡಿ, ನಮ್ಮೂರ ಬಿಸಿಲಿಗೆ ಒಂದೇ ನಿಮಿಷ ಸಾಕು. ಬೆಳ್ಳಗೆ ಒಣಗುತ್ತದೆ. ಆಮೇಲೆ ಒಂದು ಚೆಂಡು ಹೊಡೆಯಿರಿ. ಚೆಂಡು ತಾಗಿದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ದುಂಡನೆ ಗುರುತು ಬೀಳುತ್ತದೆ. ಚೆಂಡಿನ ಮೈಮೇಲಿನ ಗುಳಿಗಳ ಅಚ್ಚೂ ಕಾಣುತ್ತದೆ. ಒರೆಸಿ, ಮತ್ತೆ ಬಳಿದು, 30 ಚೆಂಡು ಹೊಡೆದು ಒಂದು ಕಾಗದದ ಮೇಲೆ ಕ್ಲಬ್‌ನ ಚಿತ್ರ ಬರೆದು ಅಷ್ಟೂ ಗುರುತು ಹಾಕಿ. ಒಳ್ಳೆಯ ಹೊಡೆತ, ಕೆಟ್ಟ ಹೊಡೆತ ಅಂತ ಆರಿಸಬೇಡಿ, ಎಲ್ಲಾ ಹಾಕಿ.

ಎರಡನೇದು ಲೈ ಆಂಗಲ್, ಅಂದರೆ ಕ್ಲಬ್ ನೆಲಕ್ಕಿಟ್ಟಾಗ ಶಾಫ್ಟ್ ನೆಲದ ಜೊತೆ ಮಾಡುವ ಕೋನ. ಇದನ್ನು ಕೇಳದೆ ನಾನು ಒಂದೂವರೆ ವರ್ಷ ಕಳೆದುಕೊಂಡೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಎತ್ತರ 5 ಅಡಿ 1 ಅಂಗುಲ. ಮೊದಲ ಸೆಟ್ ತಗೊಂಡಾಗ ಅಂಗಡಿಯಲ್ಲಿ ಯಾರೂ ನನ್ನ ಎತ್ತರ ಕೇಳಲಿಲ್ಲ, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಅಂತ ಅಳೆಯಲಿಲ್ಲ. ಪೆಟ್ಟಿಗೆಯಲ್ಲಿದ್ದ ಸೆಟ್ ಹಾಗೇ ಕೊಟ್ಟರು. ನನಗೆ ಕ್ಲಬ್ ಉದ್ದ, ಲೈ ಜಾಸ್ತಿ ನೆಟ್ಟಗೆ. ಹೊಡೆಯುವಾಗ ಟೋ ಗಾಳಿಯಲ್ಲಿ, ಹೀಲ್ ಮಾತ್ರ ನೆಲದಲ್ಲಿ. ಎಲ್ಲಾ ಚೆಂಡೂ ಎಡಕ್ಕೆ. ನಾನು ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಗ್ರಿಪ್ ಬದಲಿಸಿದೆ, ನಿಲುವು ಬದಲಿಸಿದೆ, ಕೊನೆಗೆ ಬೇಕಂತಲೇ ಬಲಕ್ಕೆ ಗುರಿಯಿಟ್ಟು ನಿಲ್ಲುವುದು ಕಲಿತೆ. ಆ ಅಭ್ಯಾಸ ಬಿಡಿಸಿಕೊಳ್ಳಲು ಇನ್ನೊಂದು ವರ್ಷ ಬೇಕಾಯಿತು. ಆಮೇಲೆ ಬೆಂಗಳೂರಿನಲ್ಲಿ ಒಬ್ಬರು ಹತ್ತು ನಿಮಿಷ ನೋಡಿ, 2 ಡಿಗ್ರಿ ಬಗ್ಗಿಸಿ, ಅರ್ಧ ಅಂಗುಲ ಕತ್ತರಿಸಿ ಕೊಟ್ಟರು. ಮೊದಲ ಚೆಂಡು ನೇರ ಹೋದಾಗ ಕಣ್ಣಲ್ಲಿ ನೀರು ಬಂತು.

ಇದನ್ನೂ ಮನೆಯಲ್ಲೇ ನೋಡಬಹುದು. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ದಪ್ಪ ಗೆರೆ ಎಳೆಯಿರಿ. ಗೆರೆ ನೆಟ್ಟಗೆ ನಿಂತು ಕ್ಲಬ್‌ನ ಮುಖ ನೋಡುವ ಹಾಗೆ ಚೆಂಡು ಇಡಿ. ಹೊಡೆದಾಗ ಗೆರೆ ಮುಖದ ಮೇಲೆ ಅಚ್ಚಾಗುತ್ತದೆ. ಅದು ಗ್ರೂವ್‌ಗಳಿಗೆ ನೆಟ್ಟಗೆ ನಿಂತಿದ್ದರೆ ಲೈ ಸರಿ. ಗೆರೆಯ ತಲೆ ಟೋ ಕಡೆ ವಾಲಿದ್ದರೆ ಕ್ಲಬ್ ನಿಮಗೆ ಜಾಸ್ತಿ ನೆಟ್ಟಗಿದೆ, ಬಲಗೈ ಆಟಗಾರರಿಗೆ ಚೆಂಡು ಎಡಕ್ಕೆ ಎಳೆಯುತ್ತದೆ. ಹೀಲ್ ಕಡೆ ವಾಲಿದ್ದರೆ ಜಾಸ್ತಿ ಮಲಗಿದೆ, ಬಲಕ್ಕೆ ಹೋಗುತ್ತದೆ.

ಇನ್ನೊಂದು ಮಾತು. 80 ಸಾವಿರದಲ್ಲಿ ಒಂದಷ್ಟು ತೆಗೆದು ಎರಡು ಪಾಠಕ್ಕೆ ಇಡಿ. ಪಾಠ ಮೊದಲು, ಕ್ಲಬ್ ಆಮೇಲೆ.

---

ಎಂಸಿಸಿ ಬಿ ಬ್ಲಾಕ್

ಅಕ್ಕಾ, ಸೀಮೆಸುಣ್ಣದ ವಿಷಯ ಗೊತ್ತಿರಲಿಲ್ಲ. ಇವತ್ತೇ ಮಾಡಿ ನೋಡುತ್ತೇನೆ.

---

ಮಾರಿಕಣಿವೆ (ಹಿರಿಯೂರು)

ನನಗೆ 63. ಸರ್ಕಾರಿ ಕೆಲಸದಲ್ಲಿ ಇದ್ದವನು, ಈಗ ನಿವೃತ್ತ. ಶಾಫ್ಟ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ.

ಸ್ಟಿಫ್, ರೆಗ್ಯುಲರ್ ಅನ್ನುವ ಮಾತಿಗೂ ಒಂದೇ ಅಳತೆ ಅಂತ ಇಲ್ಲ. ಒಂದು ಕಂಪನಿಯ ಸ್ಟಿಫ್ ಇನ್ನೊಂದು ಕಂಪನಿಯ ರೆಗ್ಯುಲರ್‌ನಷ್ಟೇ ಬಾಗಬಹುದು. ಹಾಗಾಗಿ ಆ ಅಕ್ಷರ ಬಿಟ್ಟು ತೂಕ ಕೇಳಿ. ಹಳೇ ಸ್ಟೀಲ್ ಶಾಫ್ಟ್‌ಗಳು ಒಂದೊಂದೂ 130 ಗ್ರಾಂ ಹತ್ತಿರ ಇರುತ್ತಿದ್ದವು. ನಿಮ್ಮ ಹಳೇ ಸೆಟ್‌ನಲ್ಲಿ ಅಂಥದೇ ಇರಬಹುದು. ಈಗ 95, 105 ಗ್ರಾಂನ ಸ್ಟೀಲ್ ಸಿಗುತ್ತದೆ. ಗ್ರ್ಯಾಫೈಟ್ ಆದರೆ 60, 70, 80 ಗ್ರಾಂ.

ಭಾರದ ಶಾಫ್ಟ್‌ನಲ್ಲಿ ಮೊದಲ 9 ಹೋಲ್ ಚೆನ್ನಾಗಿಯೇ ಹೋಗುತ್ತದೆ. 13, 14ನೇ ಹೋಲ್‌ಗೆ ಬಂದಾಗ ತೋಳು ಸೋತು ಕ್ಲಬ್ ತಡವಾಗಿ ಬರುತ್ತದೆ, ಚೆಂಡು ಬಲಕ್ಕೆ ತೆರೆದುಕೊಳ್ಳುತ್ತದೆ. ಅಂಗಡಿಯಲ್ಲಿ ಹತ್ತು ಚೆಂಡು ಹೊಡೆದರೆ ಇದು ಗೊತ್ತಾಗಲ್ಲ. ಆದರೆ ತೀರಾ ಹಗುರವಾದರೂ ಕೈ ಆತುರ ಬೀಳುತ್ತದೆ. ನಿಮ್ಮ ವಯಸ್ಸಿಗೆ 95ರಿಂದ 105ರ ನಡುವೆ ಹುಡುಕಿ ಅನ್ನುತ್ತೇನೆ.

ಗ್ರ್ಯಾಫೈಟ್ ಮುದುಕರಿಗೆ ಅನ್ನುವುದು ಹಳೇ ಮಾತು. ಮೊಣಕೈ ನೋವು ಬಂದು ಎಂಟು ತಿಂಗಳು ಕ್ಲಬ್ ಮುಟ್ಟದೆ ಕೂತಿದ್ದೆ. ಗ್ರ್ಯಾಫೈಟ್‌ಗೆ ಬದಲಿಸಿದ ಮೇಲೆ ವಾರಕ್ಕೆ ಮೂರು ದಿನ ಆಡುತ್ತಿದ್ದೇನೆ. ಹೊಡೆತದ ಅದುರುವಿಕೆ ಕೈವರೆಗೆ ಅಷ್ಟಾಗಿ ಬರುವುದಿಲ್ಲ.

ನೆಲದ ಬಗ್ಗೆಯೂ ಹೇಳಬೇಕು. ನಮ್ಮ ಸೀಮೆಯ ನೆಲ ಡಿಸೆಂಬರ್ ಕಳೆದ ಮೇಲೆ ಕಲ್ಲು. ಅಗಲ ಅಡಿಯ ಕ್ಲಬ್ ಮೆತ್ತಗಿನ ನೆಲದಲ್ಲಿ ದೇವರು, ಅಗೆದುಕೊಳ್ಳದೆ ಜಾರುತ್ತದೆ. ಗಟ್ಟಿ ನೆಲದಲ್ಲಿ ಅದೇ ಅಡಿ ಪುಟಿದು ಮುಖದ ಕೆಳಗಿನ ಅಂಚು ಚೆಂಡಿನ ಹೊಟ್ಟೆಗೆ ತಾಗುತ್ತದೆ, ಚೆಂಡು ನೆಲ ಸವರಿಕೊಂಡು ಓಡುತ್ತದೆ. ಚಿಕ್ಕಮಗಳೂರಿನ ಮಳೆಗಾಲದ ಹುಲ್ಲಿಗೂ ಬಯಲುಸೀಮೆಯ ಬೇಸಿಗೆಗೂ ಒಂದೇ ಅಡಿ ಹೊಂದಲ್ಲ. ನೀವು ಎಲ್ಲಿ ಜಾಸ್ತಿ ಆಡುತ್ತೀರೋ ಆ ನೆಲ ನೆನಪಿಟ್ಟುಕೊಂಡು ಮಧ್ಯಮ ಅಗಲದ ಅಡಿ ಆರಿಸಿ.

ಅಂಗಡಿಯ ಮ್ಯಾಟ್ ಇದನ್ನೆಲ್ಲ ಮುಚ್ಚಿಹಾಕುತ್ತದೆ. ಚೆಂಡಿಗಿಂತ ಎರಡು ಅಂಗುಲ ಹಿಂದೆ ನೆಲಕ್ಕೆ ಹೊಡೆದರೂ ಮ್ಯಾಟ್ ಮೇಲೆ ಕ್ಲಬ್ ಜಾರಿ ಚೆಂಡಿಗೆ ತಾಗುತ್ತದೆ. ಹುಲ್ಲಿನ ಮೇಲೆ ಹೊಡೆದು ನೋಡಲು ಬಿಡುವ ಕಡೆ ಹೋಗಿ.

---

ಹದಡಿ ರೋಡ್

ಇಷ್ಟೊಂದು ಬರೆದಿದ್ದೀರಿ, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಕುಂದವಾಡ ಕೆರೆ ಮೇಡಂ ಹೇಳಿದ್ದನ್ನು ಇವತ್ತು ಬೆಳಗ್ಗೆ ಮಾಡಿದೆ. ಮಗಳ ಸ್ಕೂಲ್ ಬ್ಯಾಗಿನಿಂದ ಎರಡು ಸೀಮೆಸುಣ್ಣ ಕೇಳಿ ತಗೊಂಡೆ. 30 ಚೆಂಡು. 16 ಟೋ ಕಡೆ. 5 ನಡುವೆ. 4 ಹೀಲ್ ಕಡೆ. ಉಳಿದ 5 ಮುಖದ ತೀರಾ ಕೆಳಗೆ, ಎರಡನೇ ಗ್ರೂವ್ ಹತ್ತಿರ. ನಡುವಿಗೆ ತಾಗಿದ ಐದೂ ನನಗೆ ಚೆನ್ನಾಗಿ ನೆನಪಿವೆ, ಆದರೆ ಟೋಗೆ ತಾಗಿದ 16ರಲ್ಲಿ ಒಂದೂ ನೆನಪಿಲ್ಲ. ನಾಲ್ಕು ವರ್ಷದಿಂದ ನಾನು ಹೀಗೇ ಲೆಕ್ಕ ಇಟ್ಟುಕೊಂಡು ಬಂದಿದ್ದೇನೆ ಅಂತ ಅರ್ಥವಾಯಿತು.

ಗೆರೆಯ ಪರೀಕ್ಷೆಯೂ ಮಾಡಿದೆ. ಗೆರೆಯ ತಲೆ ಪ್ರತಿ ಸಲವೂ ಹೀಲ್ ಕಡೆ ವಾಲಿತ್ತು. ನನ್ನ ಎತ್ತರ 5 ಅಡಿ 11. ಕೆಟ್ಟ ಹೊಡೆತ ಯಾವಾಗಲೂ ಬಲಕ್ಕೆ.

ಅಂಗಡಿಯಲ್ಲಿ ಇಳಿಯುವ ಕೋನ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದೂರದ ಅಂಕಿ ಮಾತ್ರ ದೊಡ್ಡದಾಗಿ ತೋರಿಸುತ್ತಿತ್ತು. ಅದರಲ್ಲೂ ಹತ್ತು ಹೊಡೆತದಲ್ಲಿ ಚೆನ್ನಾಗಿ ಹೋದ ಮೂರನ್ನು ಮಾತ್ರ ಲೆಕ್ಕ ಹಿಡಿದಿದ್ದರು ಅಂತ ಈಗ ನೆನಪಾಗುತ್ತಿದೆ.

---

ಜೋಗಿಮಟ್ಟಿ

ಆ ಕಾಗದ ಎಸೆಯಬೇಡಿ. ಅದನ್ನು ಹಿಡಿದುಕೊಂಡೇ ಫಿಟ್ಟಿಂಗ್‌ಗೆ (ಮೈಗೆ, ಆಟಕ್ಕೆ ಹೊಂದುವ ಕ್ಲಬ್ ಅಳೆದು ಆರಿಸುವುದು) ಹೋಗಿ.

ಇಲ್ಲಿ ಎಲ್ಲರೂ ಒಂದು ವಿಷಯ ಗಮನಿಸಬೇಕು. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ನಮ್ಮ ಕೊನೇ 20 ಸ್ಕೋರ್‌ಗಳಲ್ಲಿ ಅತಿ ಒಳ್ಳೆಯ 8ನ್ನು ತಗೊಂಡು ಸರಾಸರಿ ಮಾಡುತ್ತಾರೆ. ಅಂದರೆ ಹದಡಿ ರೋಡ್ ಅವರ 22 ಅನ್ನುವುದು ಒಳ್ಳೆಯ ದಿನಗಳ ಲೆಕ್ಕ. ಉಳಿದ 12 ದಿನ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಆದರೆ ಐರನ್ ಬೇಕಾಗುವುದು ಆ 12 ದಿನಕ್ಕೇ. ಆವತ್ತು ಟೋಗೆ ತಾಗಿದ ಚೆಂಡು ನೀರಿಗೆ ಬೀಳುತ್ತಾ, ನೀರು ದಾಟಿ ಗ್ರೀನ್ ಮುಂದೆ ಬೀಳುತ್ತಾ, ಸೆಟ್ ಆರಿಸುವಾಗ ನೋಡಬೇಕಾದದ್ದು ಇದನ್ನೇ.

ಹಾಗಾಗಿ ಫಿಟ್ಟಿಂಗ್‌ನಲ್ಲಿ ಪ್ರತಿ ಸೆಟ್‌ಗೂ 12 ಚೆಂಡು ಹೊಡೆಯಿರಿ. ಒಂದನ್ನೂ ಅಳಿಸಬೇಡಿ ಅಂತ ಮೊದಲೇ ಹೇಳಿ. ಅತಿ ದೂರ ಹೋದದ್ದು, ಅತಿ ಕಡಿಮೆ ಹೋದದ್ದು, ಎರಡನ್ನೂ ಬರೆದುಕೊಳ್ಳಿ. ಯಾವ ಸೆಟ್‌ನಲ್ಲಿ ಇವೆರಡರ ನಡುವಿನ ಅಂತರ ಚಿಕ್ಕದೋ ಆ ಸೆಟ್ ಕಡೆ ವಾಲಿ.

ಬಿ ಬ್ಲಾಕ್ ಹುಡುಗನಿಗೆ ಒಂದು ಮಾತು. ಫೋರ್ಜ್ಡ್ ಅನ್ನುವುದು ಲೋಹವನ್ನು ಬಡಿದು ಮಾಡಿದ್ದಾರೆ ಅನ್ನುವುದಷ್ಟೇ, ಎರಕ ಹೊಯ್ದದ್ದು ಕಾಸ್ಟ್. ಫೋರ್ಜ್ಡ್‌ನಲ್ಲೂ ತಪ್ಪು ಹೊಡೆತ ಕ್ಷಮಿಸುವ ಕ್ಯಾವಿಟಿ ಬ್ಯಾಕ್ ಇದೆ, ಕಾಸ್ಟ್‌ನಲ್ಲೂ ಚಿಕ್ಕ ತಲೆ ಇದೆ. ಮೆತ್ತಗಿನ ಫೋರ್ಜ್ಡ್ ಕಾರ್ಬನ್ ಸ್ಟೀಲ್‌ನ ಒಂದು ಲಾಭ ಅಂದರೆ ಲೈ ಬಗ್ಗಿಸುವುದು ಸುಲಭ. ಗಟ್ಟಿ ಎರಕದ ತಲೆಗಳಲ್ಲಿ ಕೆಲವನ್ನು ಬಗ್ಗಿಸಲು ಹೋದರೆ ಕುತ್ತಿಗೆ ಮುರಿಯುತ್ತದೆ. ಹದಡಿ ರೋಡ್ ಅವರೇ, ನಿಮಗೆ ಲೈ ಬದಲಿಸಬೇಕಾಗಬಹುದು, ಅದಕ್ಕೆ ಆರ್ಡರ್ ಕೊಡುವಾಗಲೇ ಹೇಳಿಬಿಡಿ.

ಟೋ ಕಡೆ ತಾಗುವುದು ಪೂರ್ತಿ ಕ್ಲಬ್‌ನ ತಪ್ಪಿರಲಿಕ್ಕಿಲ್ಲ. ಚೆಂಡಿನಿಂದ ಜಾಸ್ತಿ ದೂರ ನಿಲ್ಲುತ್ತಿದ್ದೀರಾ, ಹೊಡೆಯುವ ಹೊತ್ತಿಗೆ ಎದ್ದು ನಿಲ್ಲುತ್ತಿದ್ದೀರಾ ಅಂತ ಒಬ್ಬ ಕೋಚ್ ಹತ್ತಿರ ತೋರಿಸಿ.

---

ಎಂಸಿಸಿ ಬಿ ಬ್ಲಾಕ್

ಸೀಮೆಸುಣ್ಣ ಹಚ್ಚಿ 30 ಹೊಡೆದೆ. 9 ಮಾತ್ರ ನಡುವೆ. ನಾನು 20 ಆದರೂ ಇರುತ್ತೆ ಅಂದುಕೊಂಡಿದ್ದೆ. ಜುಂ ಅಂದರೆ ಗೊತ್ತಾಗುತ್ತೆ ಅಂತ ಬರೆದಿದ್ದೆ, ನಿಜವಾಗಿ ಜೋರಾಗಿ ತಪ್ಪಿದ್ದು ಮಾತ್ರ ಗೊತ್ತಾಗುತ್ತಿತ್ತು. ಅರ್ಧ ಅಂಗುಲದ ತಪ್ಪು ಕೈಗೆ ಗೊತ್ತಾಗುವುದೇ ಇಲ್ಲ. ಸೆಟ್ ಮಾತ್ರ ಬಿಡಲ್ಲ, ಅದರ ಮೇಲೆ ಪ್ರೀತಿ ಇದೆ. ಆದರೆ ಹದಡಿ ರೋಡ್ ಅಣ್ಣನಿಗೆ ಕೊಟ್ಟ ಸಲಹೆ ವಾಪಸ್ ತಗೋತೇನೆ.

---

ಕುಂದವಾಡ ಕೆರೆ

ಪ್ರೀತಿ ಇದ್ದರೆ ಆಡು ತಮ್ಮಾ. ಚೀಲ ತೆರೆದಾಗ ಖುಷಿ ಕೊಡುವ ಕ್ಲಬ್ ಇರಬೇಕು, ಅದೂ ಮುಖ್ಯ.

ಹದಡಿ ರೋಡ್ ಅವರೇ, ಅಂತರ್ಜಾಲದಲ್ಲಿ ಅರ್ಧ ಬೆಲೆಗೆ ಹೊಸ ಸೆಟ್ ಅಂತ ಕಾಣುತ್ತೆ, ಅದರ ಕಡೆ ಹೋಗಬೇಡಿ. ದೊಡ್ಡ ಬ್ರ್ಯಾಂಡ್‌ಗಳ ನಕಲು ತುಂಬಾ ಇದೆ. ಕಡಿಮೆ ದುಡ್ಡಿಗೆ ಬೇಕಾದರೆ ಅಧಿಕೃತ ಅಂಗಡಿಯಲ್ಲಿ ಹಿಂದಿನ ಮಾಡೆಲ್ ಕೇಳಿ. ಸಾಮಾನ್ಯವಾಗಿ ಒಂದೆರಡು ವರ್ಷಕ್ಕೊಮ್ಮೆ ಹೊಸ ಮಾಡೆಲ್ ಬರುತ್ತದೆ, ಹಳೇದರ ಬೆಲೆ ಇಳಿಯುತ್ತದೆ. ಒಂದು ಪೀಳಿಗೆ ಹಿಂದಿನ ಐರನ್‌ಗೂ ಹೊಸದಕ್ಕೂ ನಮ್ಮಂಥವರ ಕೈಯಲ್ಲಿ ವ್ಯತ್ಯಾಸ ಕಾಣುವುದು ಕಷ್ಟ.

---

ಹದಡಿ ರೋಡ್

ಐದು ವಾರ ಆಯಿತು, ಬರೆಯಲು ತಡವಾಯಿತು. ಸುಗ್ಗಿ, ಮಿಲ್‌ನಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ.

ಮೊದಲು ಎರಡು ಪಾಠ ತಗೊಂಡೆ. ಜೋಗಿಮಟ್ಟಿ ಸರ್ ಅಂದಂತೆಯೇ ಆಯಿತು, ಚೆಂಡಿನಿಂದ ಒಂದು ಗೇಣು ಜಾಸ್ತಿ ದೂರ ನಿಲ್ಲುತ್ತಿದ್ದೆ. ಹತ್ತಿರ ನಿಂತ ಮೇಲೆ ಸೀಮೆಸುಣ್ಣದ ಲೆಕ್ಕದಲ್ಲಿ ಟೋ 16 ಇದ್ದದ್ದು 10ಕ್ಕೆ ಬಂತು.

ಆಮೇಲೆ ಬೆಂಗಳೂರಿನಲ್ಲಿ ಹುಲ್ಲಿನ ಮೇಲೆ ಹೊಡೆಯಲು ಬಿಡುವ ಒಂದು ಕಡೆ ಫಿಟ್ಟಿಂಗ್ ಮಾಡಿಸಿದೆ. ನನ್ನ ಕಾಗದ ಕೊಟ್ಟಾಗ ಅಲ್ಲಿನವರು ಖುಷಿಪಟ್ಟರು. ಮೂರು ಸೆಟ್‌ನ 7 ಐರನ್, ಒಂದೊಂದಕ್ಕೆ 12 ಚೆಂಡು, ಒಂದನ್ನೂ ಅಳಿಸಲಿಲ್ಲ.

ನನ್ನ ಹಳೇದು, ಅಳೆದಾಗ 35 ಡಿಗ್ರಿ: ಅತಿ ದೂರ 136 ಗಜ, ಅತಿ ಕಡಿಮೆ 101.
ಅಂಗಡಿಯಲ್ಲಿ ಮನಸ್ಸು ಕದ್ದದ್ದು, 29 ಡಿಗ್ರಿ, 105 ಗ್ರಾಂ ಸ್ಟಿಫ್: ಅತಿ ದೂರ 152, ಅತಿ ಕಡಿಮೆ 117, ಇಳಿಯುವ ಕೋನ 39.
ಮೂರನೇದು, ಮಧ್ಯಮ ತಲೆ, 31 ಡಿಗ್ರಿ, 95 ಗ್ರಾಂ ರೆಗ್ಯುಲರ್: ಅತಿ ದೂರ 143, ಅತಿ ಕಡಿಮೆ 128, ಇಳಿಯುವ ಕೋನ 44.

152 ನೋಡಿದಾಗ ಮನಸ್ಸು ಮತ್ತೆ ಅತ್ತ ಹೋಯಿತು, ಸುಳ್ಳು ಹೇಳಲ್ಲ. ಆಮೇಲೆ ಕೆಳಗಿನ ಅಂಕಿಗಳನ್ನು ಮಾತ್ರ ನೋಡಿದೆ. 117, 128. ಇನ್ನೇನೂ ಯೋಚಿಸಬೇಕಾಗಲಿಲ್ಲ. ಮೂರನೇದನ್ನೇ ತಗೊಂಡೆ, ಹಿಂದಿನ ವರ್ಷದ ಮಾಡೆಲ್. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ, ನನ್ನ ಅಂಕಿ ನೋಡಿ ಯಾರೂ ಅದೇ ಸೆಟ್ ತಗೋಬಾರದು ಅಂತ.

ಲೈ 2 ಡಿಗ್ರಿ ನೆಟ್ಟಗೆ ಮಾಡಿದರು, ಉದ್ದ ಕಾಲು ಅಂಗುಲ ಜಾಸ್ತಿ. 5 ಐರನ್ ತಗೊಳ್ಳಲೇ ಇಲ್ಲ. ನನ್ನ ವೇಗಕ್ಕೆ ಅದೂ 6 ಐರನ್ ಒಂದೇ ದೂರ ಹೋಗುತ್ತಿತ್ತು, ಅದರ ಬದಲು ಹೈಬ್ರಿಡ್ (ಉದ್ದ ಐರನ್‌ಗಿಂತ ಸುಲಭವಾಗಿ ಚೆಂಡು ಎತ್ತುವ ಕ್ಲಬ್) ಇದೆ. 6ರಿಂದ ಪಿಚಿಂಗ್ ವೆಡ್ಜ್‌ವರೆಗೆ 5 ಕ್ಲಬ್, ಜೊತೆಗೆ 49 ಡಿಗ್ರಿಯ ಗ್ಯಾಪ್ ವೆಡ್ಜ್. ಪಾಠದ ದುಡ್ಡೂ ಸೇರಿ 80 ಸಾವಿರದೊಳಗೇ ಮುಗಿಯಿತು.

ಹೋದ ಭಾನುವಾರ ಚಿಕ್ಕಮಗಳೂರಿನಲ್ಲಿ ಆಡಿದೆ. ಒಂದು ಚೆಂಡಿನ ಬಗ್ಗೆ ಹೇಳಿಬಿಡುತ್ತೇನೆ. ಗ್ರೀನ್‌ಗೆ 130 ಗಜ, ಮುಂದೆ ಬಂಕರ್. 7 ಹಿಡಿದೆ. ಹೊಡೆದ ಕೂಡಲೇ ಟೋಗೆ ತಾಗಿತು ಅಂತ ಗೊತ್ತಾಯಿತು, ಈಗ ಗೊತ್ತಾಗುತ್ತಿದೆ ನೋಡಿ. ಹಳೇ ಸೆಟ್‌ನಲ್ಲಾಗಿದ್ದರೆ ಸೀದಾ ಮರಳಿಗೆ. ಇದು ಬಂಕರ್‌ನ ಅಂಚು ದಾಟಿ ಗ್ರೀನ್‌ನ ಮುಂದಿನ ಹುಲ್ಲಿನಲ್ಲಿ ಬಿದ್ದು, ಎರಡು ಸಲ ಪುಟಿದು ನಿಂತಿತು. ಎರಡು ಪಟ್‌ನಲ್ಲಿ ಮುಗಿಸಿದೆ. ಜೊತೆಗಿದ್ದವರಿಗೆ ಅದು ಸಾಧಾರಣ ಹೊಡೆತ. ನನಗೆ ಅವತ್ತು ಇಡೀ ದಾರಿ ಅದೇ ಕಣ್ಣ ಮುಂದೆ.

---

ಮಾರಿಕಣಿವೆ

ಓದಿ ತುಂಬಾ ಸಂತೋಷವಾಯಿತು. ಬೇಸಿಗೆ ಬರಲಿ, ಗಟ್ಟಿ ನೆಲದಲ್ಲಿ ಆ ಅಡಿ ಹೇಗೆ ವರ್ತಿಸುತ್ತೆ ಅಂತ ಏಪ್ರಿಲ್‌ನಲ್ಲಿ ಮತ್ತೆ ಬರೆಯಿರಿ. ಮರೆಯಬೇಡಿ.

---

ತುಂಗಭದ್ರೆ ದಂಡೆ (ಹರಿಹರ)

ಹದಡಿ ರೋಡ್ ಸರ್, ನಾನು ಆಟ ಶುರುಮಾಡಿ ಆರು ತಿಂಗಳು. ಸ್ವಂತ ಕ್ಲಬ್ ಇಲ್ಲ. ನಿಮ್ಮ ಹಳೇ ಸೆಟ್ ಕೊಡುವುದಿದ್ದರೆ ನಾನು ತಗೋಬಹುದಾ?

---

ಹದಡಿ ರೋಡ್

ಖಂಡಿತ. ದುಡ್ಡು ಬೇಡ, ನನಗೂ ಅದು ಹಾಗೇ ಬಂದದ್ದು. ಆದರೆ ಶಾಫ್ಟ್ ಭಾರ ಇದೆ, ಗ್ರೂವ್ ಸವೆದಿದೆ, ನಿಮ್ಮ ಎತ್ತರಕ್ಕೆ ಲೈ ಹೊಂದುತ್ತೋ ಇಲ್ಲವೋ ನೋಡಬೇಕು. ಭಾನುವಾರ ಬೆಳಗ್ಗೆ ಏಳಕ್ಕೆ ಮಿಲ್ ಹತ್ತಿರ ಬನ್ನಿ. ನೆಟ್ ಇದೆ, ಚೆಂಡಿದೆ. ಸೀಮೆಸುಣ್ಣ ನಾನೇ ತಂದಿಡುತ್ತೇನೆ.